ಶಬ್ದ ಹಡಗಿನಾಗ ಬಂತು, ಕೇರಿ ಮೊದಲೇ ಇತ್ತು

"ಕಾಸ್ಟ್ ಅನ್ನೋ ಶಬ್ದನೇ ನಮ್ಮದಲ್ಲ, ಜಾತಿ ಹುಟ್ಟಿಸಿದವರು ಬಿಳಿಯರು" ಅಂತ ವಾಟ್ಸಾಪ್‌ನಾಗ ಪಾಠ ಹೇಳೋ ಅಣ್ಣಗಳೇ, ನಿಮ್ಮದು ಅರ್ಧ ಖರೆ. ಪೋರ್ಚುಗೀಸರ ‘ಕಾಸ್ಟಾ’ ಅಂದ್ರೆ ವಂಶ, ತಳಿ. ಅದನ್ನೇ ಇಂಗ್ಲಿಷರು ‘ಕಾಸ್ಟ್’ ಮಾಡಿಕೊಂಡರು. ಒಪ್ಪಿದೆ.

ಆದರೆ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ. ಸಮಗಾರ ಹರಳಯ್ಯನ ಮಗನಿಗೆ ಬ್ರಾಹ್ಮಣ ಮಧುವರಸನ ಮಗಳನ್ನು ಕೊಟ್ಟರು ಅಂತ, ಇಬ್ಬರೂ ಬೀಗರಿಗೆ ಕಲ್ಯಾಣದಲ್ಲಿ ಎಳೆಹೂಟೆ ಶಿಕ್ಷೆ ಆದದ್ದು 12ನೇ ಶತಮಾನದಲ್ಲಿ. ಆವಾಗ ಅಲ್ಲಿ ಯಾವ ಪೋರ್ಚುಗೀಸ ಇದ್ದ, ಹೇಳ್ರಿ?

ಉಗರಗೋಳದಾಗ ನಮ್ಮ ಕೇರಿ, ನಿಮ್ಮ ಓಣಿ ಅಂತ ಗೆರೆ ಎಳೆದವರು ಲಿಸ್ಬನ್‌ನಿಂದ ಬಂದವರಲ್ಲ.

ಕಾಸ್ಟ್ ಅನ್ನೋ ಶಬ್ದ ಬೇಕಾದ್ರ ವಾಪಸ್ ಕಳಿಸ್ರಿ, ನಮ್ಮ ತಕರಾರಿಲ್ಲ. ಜಾತಿಯ ಉತಾರ ತೆಗೆಸಿ ನೋಡ್ರಿ, ಹೆಸರು ನಿಮ್ಮ ಹಿರಿಯರದ್ದೇ ಐತಿ.

ಜೈ ಭೀಮ್.