ರಾತ್ರಿ ಶಾಲೆಯ ಹೆಮ್ಮೆ ಸಾಲದು

ನಮ್ಮ ಸಂಘಗಳ ವೇದಿಕೆಯಿಂದ ವರ್ಷಕ್ಕೊಮ್ಮೆಯಾದರೂ ಕೇಳಿಬರುವ ಮಾತೊಂದಿದೆ: “ನಾವೂ ಬರಿಗೈಲಿ ಮುಂಬಯಿಗೆ ಬಂದವರೇ. ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದು, ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದೆವು. ಮನಸ್ಸಿದ್ದವನಿಗೆ ಓದು ದಕ್ಕಿಯೇ ದಕ್ಕುತ್ತದೆ.” ಕೊನೆಯ ವಾಕ್ಯವೊಂದನ್ನು ಬಿಟ್ಟು ಉಳಿದುದೆಲ್ಲ ನಿಜ.

ದಕ್ಷಿಣ ಕನ್ನಡದ ಹುಡುಗ ಹೋಟೆಲು ಸೇರಿದಾಗ ಅವನಿಗೆ ದೊರೆತದ್ದು ಸಂಬಳವೊಂದೇ ಅಲ್ಲ. ಎರಡು ಹೊತ್ತಿನ ಊಟವಿತ್ತು. ಬಾಗಿಲು ಹಾಕಿದ ಮೇಲೆ ಮೇಜುಗಳನ್ನು ಜೋಡಿಸಿಯಾದರೂ ಮಲಗಲು ಜಾಗವಿತ್ತು. ಧಣಿಯೋ ಮ್ಯಾನೇಜರೋ ಊರ ಕಡೆಯವರು, ಅನೇಕ ವೇಳೆ ಜಾತಿಯವರು. ಊರಲ್ಲಿ ನಾಲ್ಕೈದು ತರಗತಿ ಕಲಿತೇ ಬಂದಿದ್ದ. ಕನ್ನಡದ ರಾತ್ರಿ ಶಾಲೆ ನಡೆದು ಹೋಗುವಷ್ಟು ದೂರದಲ್ಲಿತ್ತು. ಅವನ ಛಲವನ್ನು ಕಿರಿದು ಮಾಡಲು ಇದನ್ನು ಹೇಳುತ್ತಿಲ್ಲ. ಆ ಛಲಕ್ಕೆ ಕಾಲೂರಲು ನೆಲವಿತ್ತು ಎನ್ನುತ್ತಿದ್ದೇನೆ.

ಈಗ ಮುಂಬಯಿ, ಪುಣೆಗಳ ಕಟ್ಟಡದ ಸೈಟುಗಳಿಗೆ ಹೋಗಿ ನೋಡಿ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಗಂಡಹೆಂಡಿರು ಮಕ್ಕಳ ಸಮೇತ ಬಂದಿದ್ದಾರೆ. ಒಂದು ಕಡೆಯ ಸ್ಲ್ಯಾಬು ಮುಗಿದರೆ ಬಿಡಾರ ಮತ್ತೊಂದೆಡೆಗೆ; ಬಿತ್ತನೆ ಬಂದರೆ ಊರಿಗೆ. ಮಗುವಿನ ಹೆಸರು ಊರ ಶಾಲೆಯ ಹಾಜರಿ ಪುಸ್ತಕದಲ್ಲಿದೆ, ಮಗು ಇಲ್ಲಿ ಸಿಮೆಂಟಿನ ಧೂಳಿನಲ್ಲಿ ತಂಗಿಯನ್ನು ಆಡಿಸುತ್ತಿದೆ. ಅರ್ಧಕ್ಕೆ ನಿಂತ ಲಸಿಕೆಯ ಕಾರ್ಡು ಊರಲ್ಲೇ ಉಳಿದಿದೆ. ಭೇದಿಯಾದ ಮಗುವನ್ನು ಆಸ್ಪತ್ರೆಗೆ ಒಯ್ದರೆ ತಾಯಿಯ ಅಂದಿನ ಕೂಲಿ ಹೋಯಿತು. ಆದ್ದರಿಂದ ಒಯ್ಯುವುದು ಮೂರನೆಯ ದಿನ. ಹೀಗೆ ಸೊರಗಿದ ಮಗುವಿನ ತಲೆಗೆ ಪಾಠ ಹತ್ತದಿದ್ದಾಗ ‘ಇವರಿಗೆ ಓದಿನಲ್ಲಿ ಆಸಕ್ತಿಯಿಲ್ಲ’ ಎಂದು ತೀರ್ಪು ಕೊಡುವವರು ನಾವು.

ಇವರಲ್ಲಿ ಲಂಬಾಣಿಗಳ ಪಾಡನ್ನೇ ನೋಡಿ. ಅದೇ ಜನ ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಅದೂ ಇಲ್ಲಿನ ಸರ್ಟಿಫಿಕೇಟು ಬೇಕಾದರೆ ಕುಟುಂಬ 1961ರ ನವೆಂಬರ್ 21ಕ್ಕೆ ಮೊದಲೇ ಮಹಾರಾಷ್ಟ್ರದಲ್ಲಿತ್ತೆಂದು ತೋರಿಸಬೇಕು. ವಲಸೆ ಬಂದ ರಾಜ್ಯದಲ್ಲಿ ತವರು ರಾಜ್ಯದ ಮೀಸಲಾತಿ ನಡೆಯದೆಂದು ಸುಪ್ರೀಂ ಕೋರ್ಟು 1990ರಲ್ಲೇ ಹೇಳಿತು. ಆ ಮೊಕದ್ದಮೆ ಎದ್ದದ್ದೂ ಮುಂಬಯಿಯ ಮೆಡಿಕಲ್ ಕಾಲೇಜಿನ ಸೀಟಿಗಾಗಿಯೇ. ಬಡತನ ಮಾತ್ರ ಯಾವ ಸರ್ಟಿಫಿಕೇಟೂ ಇಲ್ಲದೆ ಗಡಿ ದಾಟಿ ಬರುತ್ತದೆ!

ಕಾನೂನು ಇಲ್ಲವೆಂದಲ್ಲ. 2009ರ ಶಿಕ್ಷಣ ಹಕ್ಕಿನ ಕಾಯ್ದೆಯ ಪ್ರಕಾರ ವರ್ಗಾವಣೆ ಪತ್ರ ತಡವಾಯಿತೆಂದಾಗಲಿ, ವಯಸ್ಸಿನ ದಾಖಲೆಯಿಲ್ಲವೆಂದಾಗಲಿ ಮಗುವನ್ನು ಶಾಲೆಯಿಂದ ಹಿಂದಕ್ಕೆ ಕಳಿಸುವಂತಿಲ್ಲ. ಐವತ್ತಕ್ಕಿಂತ ಹೆಚ್ಚು ಹೆಣ್ಣಾಳುಗಳಿರುವ ಸೈಟಿನಲ್ಲಿ ಅವರ ಎಳೆಯ ಮಕ್ಕಳಿಗೆ ಕೋಣೆ ಇರಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೇ ವಿಧಿಸಿತ್ತು. ಅಂಥ ಕೋಣೆಯನ್ನು ನಮ್ಮಲ್ಲಿ ಎಷ್ಟು ಮಂದಿ ಕಂಡಿದ್ದೇವೆ? ಆ ಕಟ್ಟಡಗಳಲ್ಲಿ ಫ್ಲ್ಯಾಟು ಕೊಂಡವರಲ್ಲಿ ನಾವೂ ಇದ್ದೇವಲ್ಲ.

ಪ್ರತಿಭಾ ಪುರಸ್ಕಾರಕ್ಕೆ ನಾವು ಕೇಳುವುದು ಅಂಕಪಟ್ಟಿ. ಅಂಕಪಟ್ಟಿಯವರೆಗೆ ಬರಲಾಗದ ಮಗುವಿಗೆ ಅದರಲ್ಲಿ ಕಾಸೂ ಇಲ್ಲ. ಈ ವರ್ಷ ಆ ಹಣದ ಅರ್ಧವನ್ನಾದರೂ ತೆಗೆದಿಡೋಣ. ಸೈಟಿನ ಮಕ್ಕಳ ಪಟ್ಟಿ ಮಾಡಿ, ಮರಾಠಿ ಬಲ್ಲ ಸದಸ್ಯರೊಬ್ಬರು ತಾಯಂದಿರ ಜೊತೆ ಮುನಿಸಿಪಾಲಿಟಿ ಶಾಲೆಗೂ ಲಸಿಕೆ ಕೇಂದ್ರಕ್ಕೂ ಹೋಗಿಬರಲಿ. ಅಂದಿನ ಕೂಲಿಯನ್ನು ಸಂಘವೇ ತುಂಬಿಕೊಡಲಿ. ರಾಜ್ಯೋತ್ಸವದ ಶಾಮಿಯಾನ ಒಂದಿಷ್ಟು ಚಿಕ್ಕದಾದೀತು, ಅಷ್ಟೆ.