ಕಬ್ಬಿನ ಲಾರಿಗೆ ಕೈಯಾರೆ ಕೂಡಿಸಿದ ಎಲೆಕ್ಟ್ರಿಕ್ ಡೀಸೆಲ್ ಪಂಪು: ಒಂದು ಅಭಿಪ್ರಾಯ



ಬೆಳೆಶಾಸ್ತ್ರದವನಾದ ನಾನು ಎಂಜಿನ್ನಿನ ಮಾತಿಗೆ ಏಕೆ ಕೈ ಹಾಕಿದೆನೆಂದು ನೀವು ಕೇಳಬಹುದು. ಕಾರಣ ಕಬ್ಬು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಭಾಗದಲ್ಲಿ ಕಬ್ಬು ಕಡಿಯುವ ಹಂಗಾಮು ಬಂತೆಂದರೆ, ಬಾನೆಟ್ ಎತ್ತಿಕೊಂಡು ರಸ್ತೆಯ ಬದಿಗೆ ನಿಂತ ಹಳೆಯ ಲಾರಿ, ಟ್ರ್ಯಾಕ್ಟರುಗಳು ಕಣ್ಣಿಗೆ ಬೀಳುತ್ತವೆ. ಡೀಸೆಲ್ ಪೈಪಿನಲ್ಲಿ ಗಾಳಿ ಸೇರಿರುತ್ತದೆ. ಡ್ರೈವರ್ ಸ್ಕ್ರೂ ಸಡಿಲಿಸಿ, ಫೀಡ್ ಪಂಪನ್ನು ಕೈಯಿಂದ ಒತ್ತುತ್ತ ಏರ್ ತೆಗೆಯುತ್ತಿರುತ್ತಾನೆ. ಕಡಿದ ಕಬ್ಬನ್ನು 24 ಗಂಟೆಯೊಳಗೆ ಅರೆಯಬೇಕು. ತಡವಾದಷ್ಟೂ ಅದು ಒಣಗಿ ತೂಕ ಇಳಿಯುತ್ತದೆ. ಒಳಗಿನ ಸಕ್ಕರೆ ಒಡೆದು, ಹರಳುಗಟ್ಟದ ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ವರ್ಷವಿಡೀ ನೀರು, ಗೊಬ್ಬರ ಕೊಟ್ಟು ಗಳಿಸಿದ್ದನ್ನು ಒಂದು ರಾತ್ರಿ ರಸ್ತೆಯಲ್ಲಿ ಕಳೆಯುತ್ತೇವೆ.

ಇದಕ್ಕೆ ನಮ್ಮ ಗ್ಯಾರೇಜಿನ ಮಿಸ್ತ್ರಿಗಳು ಕಂಡುಕೊಂಡ ಉಪಾಯವೆಂದರೆ, ಹಳೆಯ ಫೀಡ್ ಪಂಪಿನ ಬದಲು ಬ್ಯಾಟರಿಯಿಂದ ನಡೆಯುವ ಚಿಕ್ಕ ಪಂಪೊಂದನ್ನು ಟ್ಯಾಂಕಿನ ಹತ್ತಿರ ಕೂಡಿಸುವುದು. ಇದನ್ನು ನಾನು ಹಳಿಯುವುದಿಲ್ಲ. 1989ರಲ್ಲಿ ಚಿಕ್ಕಪಡಸಲಗಿಯ ಹತ್ತಿರ ಕೃಷ್ಣೆಗೆ ರೈತರೇ ಹಣ ಕೂಡಿಸಿ, ಮೈಮುರಿದು ದುಡಿದು ಬ್ಯಾರೇಜು ಕಟ್ಟಿದ ನಾಡಿದು. ಕೈಯಿಂದ ಮಾಡಿದ್ದೆಲ್ಲ ಕಚ್ಚಾ ಎಂದು ಇಲ್ಲಿ ಯಾರೂ ಹೇಳಲಾರರು. ಆದರೆ ಈ ಪಂಪು ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದು ಬಹಳ ಜನರಿಗೆ ತಿಳಿದಿಲ್ಲ.

ಟ್ಯಾಂಕಿನಿಂದ ಡೀಸೆಲನ್ನು ಎತ್ತಿ ಫಿಲ್ಟರ್ ದಾಟಿಸಿ ಕೊಡುವುದಷ್ಟೇ ಫೀಡ್ ಪಂಪಿನ ಕೆಲಸ. ಅದಕ್ಕೆ ಅಲ್ಪ ಒತ್ತಡ ಸಾಕು. ನಾಜಲ್ ಮೂಲಕ ಸಿಡಿಸಲು ಬೇಕಾದ, ಚದರ ಸೆಂಟಿಮೀಟರಿಗೆ ಸುಮಾರು 200 ಕಿಲೋ ಒತ್ತಡವನ್ನು ಹುಟ್ಟಿಸುವುದು ಮುಂದಿನ ದೊಡ್ಡ ಪಂಪು, ಜನರ ಬಾಯಲ್ಲಿ ಇಂದಿಗೂ ಮೈಕೋ ಪಂಪು. (1951ರಲ್ಲಿ ಸ್ಥಾಪನೆಯಾದ ಆ ಕಂಪನಿಯ ಹೆಸರು 2008ರಲ್ಲಿ ಬಾಷ್ ಎಂದಾಯಿತು, ಗ್ಯಾರೇಜಿನಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿದೆ.) ಆದುದರಿಂದ ಎಲೆಕ್ಟ್ರಿಕ್ ಪಂಪು ಹಾಕಿದರೆ ಮೈಲೇಜು ಏರುತ್ತದೆ, ಎಳೆಯುವ ಶಕ್ತಿ ಹೆಚ್ಚುತ್ತದೆ ಎಂಬ ಮಾತನ್ನು ನಂಬಬೇಡಿರಿ. ಪೆಟ್ರೋಲ್ ಕಾರಿನ ಟ್ಯಾಂಕಿನೊಳಗಿನ ಪಂಪನ್ನು ಗುಜರಿಯಿಂದ ತಂದು ಹಾಕುವುದಂತೂ ತಪ್ಪು. ಅದರ ಒತ್ತಡ ಹೆಚ್ಚು. ಸೀಲು ಸೋರಿ ಡೀಸೆಲ್ ಎಂಜಿನ್ ಆಯಿಲಿಗೆ ಬೆರೆತರೆ ಬೇರಿಂಗುಗಳೇ ಹೋದಾವು.

ಪಂಪು ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಿರಿ. ಶುಭ್ರ ಡಬ್ಬಿಯೊಂದರಲ್ಲಿ ಡೀಸೆಲ್ ತುಂಬಿ ಎಂಜಿನ್ನಿಗಿಂತ ಎತ್ತರದಲ್ಲಿಟ್ಟು, ಟ್ಯಾಂಕಿನ ಪೈಪು ಬಿಚ್ಚಿ ಅದರಿಂದಲೇ ಫೀಡ್ ಪಂಪಿಗೆ ಕೊಡಿರಿ. ಎಂಜಿನ್ ತಡೆಯಿಲ್ಲದೆ ನಡೆದರೆ ದೋಷ ಬಹುಶಃ ಪಂಪಿನದಲ್ಲ, ಟ್ಯಾಂಕಿನಿಂದ ಬರುವ ದಾರಿಯದು. ಸೀಳಿದ ರಬ್ಬರ್ ಪೈಪು, ಚಪ್ಪಟೆಯಾದ ತಾಮ್ರದ ವಾಶರು, ಟ್ಯಾಂಕಿನ ಮುಚ್ಚಳದಲ್ಲಿ ಮಣ್ಣು ತುಂಬಿ ಕಟ್ಟಿದ ಗಾಳಿಕಂಡಿ, ಇವೇ ಸಾಮಾನ್ಯ. ಪರಿಚಯದ ರೈತರೊಬ್ಬರು ಎರಡು ಪಂಪು ಬದಲಿಸಿದ ಮೇಲೆ ಕೊನೆಗೆ ಒಂದು ವಾಶರು ಹಾಕಿ ಗೆದ್ದರು. ಅವರೇ ನಗುತ್ತ ಹೇಳಿದ್ದು ಇದು.

ಇನ್ನೊಂದು ಅಂಶ ಗಂಭೀರವಾದದ್ದು. ಹಳೆಯ ಏರ್ಪಾಟಿನಲ್ಲಿ ಟ್ಯಾಂಕಿನ ಕಡೆಯ ಪೈಪಿನಲ್ಲಿ ಎಳೆತವಿರುತ್ತದೆ. ತೂತಿದ್ದರೆ ಗಾಳಿ ಒಳಗೆ ಹೋಗುತ್ತದೆ, ಬಂಡಿ ನಿಲ್ಲುತ್ತದೆ, ಅಷ್ಟೇ. ಪಂಪನ್ನು ಟ್ಯಾಂಕಿನ ಹತ್ತಿರ ಇಟ್ಟಾಗ ಅದೇ ಪೈಪಿನಲ್ಲಿ ಒತ್ತಡ ಬರುತ್ತದೆ, ಅದೇ ತೂತಿನಿಂದ ಡೀಸೆಲ್ ಹೊರಗೆ ಚಿಮ್ಮುತ್ತದೆ. ಅದು ಕಾದ ಸೈಲೆನ್ಸರಿನ ಮೇಲೆ ಬಿದ್ದರೆ, ಹಿಂದೆ ಒಣ ರವದಿ ಹೊತ್ತ ಕಬ್ಬಿದ್ದರೆ, ಮುಂದಿನದನ್ನು ನಾನು ಹೇಳಬೇಕಾಗಿಲ್ಲ. ಹಳೆಯ ಪಂಪು ಎಂಜಿನ್ನಿನೊಡನೆ ನಿಲ್ಲುತ್ತಿತ್ತು. ಇದು ಬಂಡಿ ಮಗುಚಿ ಬಿದ್ದರೂ ಡೀಸೆಲ್ ತಳ್ಳುತ್ತಲೇ ಇರುತ್ತದೆ. ಹಳೆಯ ಬಂಡಿಗಳನ್ನು ನಿಲ್ಲಿಸುವುದು ಬೀಗದ ಕೈಯಿಂದಲ್ಲ, ಸ್ಟಾಪ್ ಸರಿಗೆ ಎಳೆದು. ಹೀಗಾಗಿ ಪಂಪಿನ ಸ್ವಿಚ್ಚನ್ನು ಡ್ರೈವರ್ ಮರೆಯುವುದು ಸಹಜ.

ಆದುದರಿಂದ ಪಂಪಿನ ವಿದ್ಯುತ್ತು ಎಂಜಿನ್ ಆಯಿಲಿನ ಒತ್ತಡ ತೋರುವ ಸ್ವಿಚ್ಚಿನ ಮೂಲಕ, ರಿಲೇ ಇಟ್ಟು ಹಾಯಬೇಕು. ಆಯಿಲ್ ಒತ್ತಡ ಇಳಿದೊಡನೆ ಪಂಪು ನಿಲ್ಲಬೇಕು. ಚಾಲೂ ಮಾಡುವಾಗ ಮಾತ್ರ ಒತ್ತಿ ಹಿಡಿಯುವ ಬಟನ್ ಸಾಕು. ಫ್ಯೂಸು ಬ್ಯಾಟರಿಯ ಪಕ್ಕದಲ್ಲಿಯೇ ಇರತಕ್ಕದ್ದು. ಬಂಡಿ 12 ವೋಲ್ಟಿನದೋ 24 ವೋಲ್ಟಿನದೋ ನೋಡಿಯೇ ಪಂಪು ಆರಿಸಿರಿ. ಪಂಪಿಗೆ ಮೊದಲು ಒಂದು ಜಾಲರಿ ಫಿಲ್ಟರ್ ಬೇಕು. ಪೈಪು ಡೀಸೆಲಿಗೆಂದೇ ಮಾಡಿದ್ದಿರಲಿ. ಸ್ಪ್ರೇಯರಿನ ಪ್ಲಾಸ್ಟಿಕ್ ಪೈಪು ಡೀಸೆಲಿನಲ್ಲಿ ಬಿರುಸಾಗಿ ಸೀಳುತ್ತದೆ. ಕಳಚಿದ ಹಳೆಯ ಫೀಡ್ ಪಂಪು ಚೆನ್ನಾಗಿದ್ದರೆ ಎಸೆಯಬೇಡಿರಿ, ಬಟ್ಟೆ ಸುತ್ತಿ ಸೀಟಿನ ಕೆಳಗಿಡಿರಿ. ಬ್ಯಾಟರಿ ಕೈಕೊಟ್ಟ ರಾತ್ರಿ ಕಬ್ಬನ್ನು ಕಾರ್ಖಾನೆಗೆ ಮುಟ್ಟಿಸುವುದು ಅದೇ.

ಇದೆಲ್ಲ ಹಳೆಯ ಎಂಜಿನ್ನುಗಳ ಮಾತು. 2020ರ ಏಪ್ರಿಲಿನಿಂದ ಬಂದ ಬಿಎಸ್-6 ಲಾರಿಗಳಲ್ಲಿ ಡೀಸೆಲಿನ ಒತ್ತಡವನ್ನು ಕಂಪ್ಯೂಟರೇ ನಡೆಸುತ್ತದೆ. 2023ರ ನಂತರದ 50 ಅಶ್ವಶಕ್ತಿ ಮೀರಿದ ಹೊಸ ಟ್ರ್ಯಾಕ್ಟರುಗಳಲ್ಲಿಯೂ ಬಹುಮಟ್ಟಿಗೆ ಹಾಗೆಯೇ. ಎಂಜಿನ್ ನಡೆಯುತ್ತಿರುವಾಗ ಅವುಗಳ ಪೈಪು ಸಡಿಲಿಸಿದರೆ ಚಿಮ್ಮುವ ಡೀಸೆಲ್ ಚರ್ಮವನ್ನೇ ಕೊರೆದು ಒಳಗೆ ಹೋಗುತ್ತದೆ. ಅವುಗಳ ಡೀಸೆಲ್ ಪೈಪಿಗೆ ಮನೆಯ ಪಾನಾ ಹಚ್ಚಬಾರದು.