ವ್ಯಸನಮುಕ್ತರ ಮನಃಸ್ವಾಸ್ಥ್ಯ

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಹಳ್ಳಿಗಳಲ್ಲಿ ಯುವಕನೊಬ್ಬನು ಕುಡಿತವನ್ನೋ ಗಾಂಜಾವನ್ನೋ ಬಿಟ್ಟನೆಂದರೆ ಮನೆಯವರು ಹರಕೆ ತೀರಿಸಿ ನೆಮ್ಮದಿಯ ಉಸಿರು ಬಿಡುವರು. ಅದು ಸಹಜವೇ ಸರಿ. ಆದರೆ ತಿಂಗಳು ತುಂಬುವುದರೊಳಗೆ ಅದೇ ಯುವಕನು ಮಾತು ಕಡಮೆ ಮಾಡಿ, ರಾತ್ರಿಯೆಲ್ಲ ನಿದ್ದೆಯಿಲ್ಲದೆ ಜಗುಲಿಯಲ್ಲಿ ಕುಳಿತು, ಗದ್ದೆಯ ಕಡೆಗೆ ತಲೆ ಹಾಕದೆ ಮಂಕಾದಾಗ ಅರಳಿಕಟ್ಟೆಯಲ್ಲಿ ಒಂದು ಮಾತು ಹುಟ್ಟುವುದು: “ಕುಡೀತಿದ್ದಾಗ್ಲೇ ಚೆಂದಾಗಿದ್ದ ಕಣಯ್ಯ.” ಇದಕ್ಕಿಂತ ನಿಷ್ಕರುಣವಾದ ಮಾತನ್ನು ನಾವು ಕಾಣೆವು. ಆಡುವವರು ದುಷ್ಟರಲ್ಲ, ವ್ಯಸನವನ್ನು ಬಿಟ್ಟ ದಿನವೇ ರೋಗವೂ ಮುಗಿಯಿತೆಂದು ನಂಬಿದವರು.

ವೈದ್ಯಶಾಸ್ತ್ರವು ಬೇರೆಯಾಗಿ ಹೇಳುತ್ತದೆ. ಬಹುಕಾಲ ವಿಪರೀತವಾಗಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನವೇ ಕೈನಡುಕ, ಬೆವರು, ಕೆಲವರಿಗೆ ಫಿಟ್ಸು, ಎರಡು ಮೂರು ದಿನಗಳಲ್ಲಿ ಇಲ್ಲದ್ದು ಕಾಣುವ ಸನ್ನಿಯೂ ಬರುವುದುಂಟು. ಇದು ಪ್ರಾಣಾಪಾಯದ ಸ್ಥಿತಿ. ಆಸ್ಪತ್ರೆಯಲ್ಲಿಯೇ ಕಳೆಯತಕ್ಕದ್ದು, ದೆವ್ವ ಬಿಡಿಸುವವರ ಬಳಿಯಲ್ಲಲ್ಲ. ಗಾಂಜಾ ಬಿಟ್ಟವನ ಸಿಡುಕು ಮೊದಲ ವಾರದಲ್ಲಿ ಏರಿ ಇಳಿದರೂ ನಿದ್ದೆಯು ತಿಂಗಳಾದರೂ ಸರಿಹೋಗದಿರಬಹುದು. ಅದರ ಬಳಿಕ ಬರುವುದೇ ಹೆಚ್ಚು ಮೋಸದ ಕಾಲ. ವರ್ಷಗಟ್ಟಲೆ ಹೊರಗಿನ ಪದಾರ್ಥದಿಂದ ಸುಖವನ್ನು ಪಡೆದು ರೂಢಿಯಾದ ಮೆದುಳು ಊಟ, ಮಾತು, ಮಕ್ಕಳ ಆಟಗಳಲ್ಲಿ ಮತ್ತೆ ರುಚಿ ಕಾಣಲು ವಾರಗಳಲ್ಲ, ತಿಂಗಳುಗಳೇ ಹಿಡಿಯಬಹುದು. ಮದ್ಯದಿಂದಲೇ ಹುಟ್ಟಿದ ಖಿನ್ನತೆಯು ಬಿಟ್ಟ ಮೂರು ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ತಿಳಿಯಾಗುವುದು. ಅದನ್ನೂ ಮೀರಿ ನಿಂತರೆ ಮದ್ಯದ ಮುಸುಕಿನಲ್ಲಿ ಮೊದಲಿನಿಂದ ಅಡಗಿದ್ದ ಬೇರೆಯೇ ರೋಗವಿರಬಹುದು. ಅದಕ್ಕೆ ಪ್ರತ್ಯೇಕ ಚಿಕಿತ್ಸೆ ಬೇಕು. ಇದನ್ನು ಸೋಮಾರಿತನವೆಂದೂ ಕೃತಘ್ನತೆಯೆಂದೂ ಕರೆಯುವವರು ಜ್ವರ ಬಂದವನಿಗೆ ಮೈ ಬಿಸಿಯಾಯಿತೆಂದು ಗದರುವವರ ಸಾಲಿಗೆ ಸೇರಿದವರು.

ಇಲ್ಲಿ ಗೆಳೆಯನ ಪ್ರಸ್ತಾಪವನ್ನು ಮಾಡಬೇಕಾಗಿದೆ. ಮನೆಯವರು ವರ್ಷಗಳ ಸಂಕಟದಿಂದ ಬಳಲಿರುತ್ತಾರೆ. ಒಡವೆ ಅಡವಿಟ್ಟವನ ಮೇಲೆ ಹೆಂಡತಿಗೆ ಒಂದೇ ತಿಂಗಳಲ್ಲಿ ನಂಬಿಕೆ ಹುಟ್ಟಬೇಕೆಂಬುದು ಅನ್ಯಾಯ. ಗೆಳೆಯನಿಗೆ ಅಂತಹ ಬಾಕಿ ಲೆಕ್ಕವಿರುವುದಿಲ್ಲ. ಆದರೆ ಅವನ ತೊಡಕು ಬೇರೆ: ಆಲೆಮನೆಯ ರಾತ್ರಿ ಕೆಲಸದಲ್ಲಿ ಒಂದೇ ಬಾಟಲಿಯನ್ನು ಹಂಚಿಕೊಂಡವನು ಬಹುಶಃ ಅವನೇ. ಕುಡಿತ ಬಿಟ್ಟವನು ಕುಡಿತದೊಡನೆ ತನ್ನ ಜೊತೆಗಾರರೆಲ್ಲರನ್ನೂ ಒಂದೇ ದಿನ ಕಳೆದುಕೊಳ್ಳುತ್ತಾನೆಂಬುದನ್ನು ಎಷ್ಟು ಮಂದಿ ಯೋಚಿಸಿದ್ದಾರೆ? ಬಾಟಲಿಯಿಲ್ಲದೆ ಅವನ ಪಕ್ಕದಲ್ಲಿ ಕುಳಿತುಕೊಳ್ಳುವುದೇ ಗೆಳೆಯನ ಮೊದಲ ಕೆಲಸ. ಸಂಜೆ ಆರರಿಂದ ಒಂಬತ್ತರವರೆಗಿನ ಹೊತ್ತು ಅವನಿಗೆ ಕಠಿನ. ಆ ಹೊತ್ತಿನಲ್ಲಿ ಹೋಗಿ ಕುಳಿತರಾಯಿತು, ಉಪದೇಶ ಬೇಡ. ಬೀಗರೂಟಕ್ಕೆ ಕರೆದೊಯ್ದು “ಒಂದೇ ಒಂದು” ಎನ್ನುವವರ ನಡುವೆ ಅವನನ್ನು ಒಂಟಿಯಾಗಿ ಬಿಡಬಾರದು. ನಮ್ಮ ಸೀಮೆಯಲ್ಲಿ ಬೀಗರೂಟವೇ ಎಷ್ಟೋ ವ್ರತಗಳನ್ನು ಮುರಿದಿದೆ. ಅವನು ಮತ್ತೆ ಜಾರಿದರೂ ಗೆಳೆತನವು ಜಾರಬೇಕಾಗಿಲ್ಲ. ನೋವಿನ ಮಾತ್ರೆ, ಚುಚ್ಚುಮದ್ದುಗಳ ಚಟವಿದ್ದವನು ಬಿಟ್ಟ ಮೇಲೆ ಅವನ ದೇಹವು ತಾಳುವ ಅಳತೆ ಇಳಿದಿರುತ್ತದೆ. ಹಳೆಯ ಪ್ರಮಾಣವನ್ನೇ ಮತ್ತೆ ತೆಗೆದುಕೊಂಡರೆ ಉಸಿರು ನಿಲ್ಲಬಹುದೆಂಬುದನ್ನು ಜೊತೆಗಾರನು ತಿಳಿದಿರಲೇಬೇಕು.

ಮತ್ತೊಂದು ವಿಷಯವನ್ನು ಸಂಕೋಚವಿಲ್ಲದೆ ಬರೆಯುತ್ತೇವೆ. “ಸಾಯಬೇಕೆನ್ನಿಸುತ್ತಿದೆಯೇ?” ಎಂದು ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುವುದೆಂದು ನಮ್ಮವರು ಅಂಜುತ್ತಾರೆ. ಹಾಗಾಗುವುದಿಲ್ಲ, ಕೇಳಿದರೆ ಭಾರ ಇಳಿಯುವುದೆಂದೇ ತಜ್ಞರ ಅನುಭವ. ಹೌದೆಂಬ ಉತ್ತರ ಬಂದರೆ ಅವನನ್ನು ಒಬ್ಬನನ್ನೇ ಬಿಡದೆ ಅಂದೇ ವೈದ್ಯರಲ್ಲಿಗೆ ಕರೆದೊಯ್ಯಬೇಕು. ಗದ್ದೆಗೆ ಹೊಡೆಯುವ ಔಷಧಿಯ ಡಬ್ಬಿಯನ್ನು ಅಂದೇ ಆ ಮನೆಯಿಂದ ತೆಗೆದು ಬೇರೆಯವರ ಬೀಗದಲ್ಲಿಡಬೇಕು. 2015ರಲ್ಲಿ ಕಬ್ಬು ಬೆಳೆಗಾರರ ಸಾವುಗಳನ್ನು ಕಂಡ ಈ ಜಿಲ್ಲೆಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ.

ಕಾನೂನು ಜನರ ಮಾತಿಗಿಂತ ಮುಂದಿದೆ. 2018ರ ಮೇ 29ರಂದು ಜಾರಿಗೆ ಬಂದ 2017ರ ಮಾನಸಿಕ ಆರೋಗ್ಯ ಕಾಯಿದೆಯು ಮದ್ಯ ಮತ್ತು ಮಾದಕ ವಸ್ತುಗಳಿಗೆ ಸಂಬಂಧಿಸಿದ ಮನೋವ್ಯಥೆಯನ್ನೂ ಕಾಯಿಲೆಯೆಂದೇ ಎಣಿಸಿದೆ. 1985ರ ಮಾದಕ ವಸ್ತುಗಳ ಕಾಯಿದೆಯ 64ಎ ಕಲಮಿನಂತೆ, ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿದ ವ್ಯಸನಿಯು ತಾನಾಗಿಯೇ ಸರ್ಕಾರಿ ಅಥವಾ ಮಾನ್ಯ ಸಂಸ್ಥೆಯಲ್ಲಿ ಚಿಕಿತ್ಸೆಯನ್ನು ಪಡೆದು ಪೂರೈಸಿದರೆ ಮೊಕದ್ದಮೆಯಿಂದ ವಿನಾಯಿತಿಯುಂಟು. ಪೊಲೀಸರ ಭಯದಿಂದ ಆಸ್ಪತ್ರೆಯನ್ನು ದೂರವಿಟ್ಟವರು ಇದನ್ನು ಗಮನಿಸಬೇಕು. ಮಂಡ್ಯದ ವೈದ್ಯಕೀಯ ಕಾಲೇಜು, ಮೈಸೂರಿನ ಕೆ.ಆರ್. ಆಸ್ಪತ್ರೆ, ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಳಿಯ ಆದಿಚುಂಚನಗಿರಿ ಆಸ್ಪತ್ರೆ ಇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಕೇಂದ್ರವಿದೆ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲಿರುಳೂ ಕನ್ನಡದಲ್ಲಿ ಮಾತನಾಡಬಹುದು. ಕಟ್ಟಿಹಾಕಿ ಹೊಡೆದು ಚಟ ಬಿಡಿಸುವೆವೆನ್ನುವ ಕಡೆಗೆ ಮಾತ್ರ ಯಾರನ್ನೂ ಕಳುಹಿಸಬಾರದು.

ಇನ್ನು ಸರ್ಕಾರದವರ ಮಾತು. 2007ರ ಜುಲೈ 1ರಂದು ಸಾರಾಯಿಯನ್ನು ನಿಲ್ಲಿಸಿದರು. ಕುಡಿಯುವವರು ಬೇರೆ ಬಾಟಲಿಗೆ ಹೋದರು. 2023-24ರಲ್ಲಿ ಅಬಕಾರಿಯಿಂದ ರಾಜ್ಯದ ಬೊಕ್ಕಸಕ್ಕೆ 30,000 ಕೋಟಿ ರೂಪಾಯಿಗೂ ಮಿಕ್ಕಿ ಬಂದಿತು. ರಾಜ್ಯಾಂಗದ 47ನೆಯ ವಿಧಿಯನ್ನು ನೆನಪಿಸಿ ಪಾನನಿರೋಧದ ಹಳೆಯ ಚರ್ಚೆಯನ್ನು ನಾವು ಇಲ್ಲಿ ಎತ್ತುವುದಿಲ್ಲ. ಆ ಹಣದ ಒಂದು ಸಣ್ಣ ಪಾಲು ಕುಡಿತ ಬಿಟ್ಟವನ ಹಿಂದೆ ಆರು ತಿಂಗಳು ನಡೆಯಲಿ ಎಂದಷ್ಟೇ ಕೇಳುತ್ತೇವೆ. ನಾಲ್ಕು ತಾಲ್ಲೂಕು ಆಸ್ಪತ್ರೆಗಳಲ್ಲಿಯೂ ಮನೋವೈದ್ಯರು ಬರುವ ವಾರವನ್ನು ಬಾಗಿಲಲ್ಲಿ ಬರೆದು ಹಾಕಲಿ, ಆ ವಾರ ಅವರು ತಪ್ಪದೆ ಬರಲಿ, ಬರೆದುಕೊಟ್ಟ ಮಾತ್ರೆ ಅಲ್ಲಿಯೇ ದೊರೆಯಲಿ. ಒಂದು ದಿನದ ಕೂಲಿ ಬಿಟ್ಟು ಕೃಷ್ಣರಾಜಪೇಟೆಯಿಂದ ಮಂಡ್ಯಕ್ಕೆ ಬಸ್ಸು ಹಿಡಿಯಬೇಕಾದವನು ಎರಡನೆಯ ಸಲ ಹೋಗುವುದಿಲ್ಲವೆಂಬುದನ್ನು ಜಿಲ್ಲೆಯ ಆರೋಗ್ಯಾಧಿಕಾರಿಗಳು ನಮಗಿಂತ ಚೆನ್ನಾಗಿ ಬಲ್ಲರು.